ಬಾಯಿ ಮುಚ್ಚಿಸಲು ಬಂದ ವೈರು

ಆ ಅಧಿಕಾರಿಯನ್ನು ನಾನು ಕ್ಷಮಿಸಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಎಲ್ಲೋ ಒಂದು ಕಡೆ ನನ್ನ ಮನಸ್ಸು ಕರಗುತ್ತದೆ ಎಂದು ಯಾರೂ ಕಾಯುವುದು ಬೇಡ.

ವಿಜಯನಗರದ ಒಂದು ಅಡ್ಡರಸ್ತೆಯಲ್ಲಿ, ಕೆಳಗೆ ಸೀರೆ ಅಂಗಡಿ ಇರುವ ಕಟ್ಟಡದ ಮೇಲಿನ ಮಹಡಿಯಲ್ಲಿ ನಮ್ಮ ಕೇಂದ್ರವಿದೆ. ಕಿವಿ ಕೇಳದ ಮಕ್ಕಳಿಗೆ ಅಲ್ಲಿ ಮಾತು ಕಲಿಸುತ್ತೇವೆ. ಹುಟ್ಟು ಕಿವುಡಿರುವ ಮಗುವಿಗೆ ಸಣ್ಣ ವಯಸ್ಸಿನಲ್ಲೇ ಆಪರೇಷನ್ ಮಾಡಿ ಕಿವಿಯೊಳಗೆ ಒಂದು ಯಂತ್ರ ಕೂರಿಸುತ್ತಾರೆ. ಅದರ ಇನ್ನೊಂದು ಭಾಗ ಹೊರಗೆ, ಕಿವಿಯ ಹಿಂದೆ ಇರುತ್ತದೆ. ಅಲ್ಲಿಂದ ಒಂದು ತೆಳು ವೈರು ಹೊರಟು, ತಲೆಗೆ ಅಯಸ್ಕಾಂತದಿಂದ ಅಂಟಿಕೊಳ್ಳುವ ಬಿಲ್ಲೆಗೆ ಸೇರುತ್ತದೆ. ಆ ವೈರು ಮುರುಕಿನ ಎಳೆಯಷ್ಟೂ ದಪ್ಪವಿಲ್ಲ. ಅದು ತುಂಡಾದರೆ ಆಪರೇಷನ್ನೂ ಇಲ್ಲ, ಯಂತ್ರವೂ ಇಲ್ಲ; ಮಗು ಮತ್ತೆ ಹುಟ್ಟಿದ ದಿನದಂತೆ ಕಿವುಡು.

ಸರ್ಕಾರದ ಯೋಜನೆಯಲ್ಲಿ ಆಪರೇಷನ್ ಉಚಿತ, ಯಂತ್ರ ಉಚಿತ. ವಾರಂಟಿ ಮುಗಿದ ಮೇಲೆ ವೈರು, ಬ್ಯಾಟರಿ, ಬಿಲ್ಲೆ ಯಾವುದು ಹೋದರೂ ಮನೆಯವರೇ ಕೊಳ್ಳಬೇಕಿತ್ತು. ಯಾರ ಮನೆಯವರು? ಗಾರೆ ಕೆಲಸದವರು, ಮನೆಗೆಲಸದವರು, ಆಟೊ ಓಡಿಸುವವರು. ನಮ್ಮ ಜಗಳ ಇದ್ದದ್ದು ಇಷ್ಟಕ್ಕೇ. ಯಂತ್ರ ಕೊಟ್ಟ ಸರ್ಕಾರ ಅದರ ಬಿಡಿಭಾಗಗಳನ್ನೂ ಕೊಡಬೇಕು, ರಾಜ್ಯದ ಎಲ್ಲ ಮಕ್ಕಳಿಗೂ ಕೊಡಬೇಕು, ಅದಕ್ಕೊಂದು ಆದೇಶ ಆಗಬೇಕು.

ಬಂಗಾರಿ ಮೂರು ವರ್ಷದವಳಿದ್ದಾಗ ನಮ್ಮಲ್ಲಿಗೆ ಬಂದಳು. ಅದು ಅವಳಮ್ಮ ಕರೆಯುತ್ತಿದ್ದ ಹೆಸರು. ಅಪ್ಪ ಊಟದ ಡೆಲಿವರಿ ಮಾಡುತ್ತಿದ್ದ, ಅಮ್ಮ ಉಲ್ಲಾಳದ ಒಂದು ಲೇಡೀಸ್ ಪಿ.ಜಿ.ಯಲ್ಲಿ ನೆಲ ಒರೆಸಿ, ಪಾತ್ರೆ ತೊಳೆಯುತ್ತಿದ್ದಳು. ಬಾಗಲಕೋಟೆ ಕಡೆಯವರು. ಮಗುವಿಗೆ ಮಾತು ಕಲಿಸುವವರು ಹತ್ತಿರದಲ್ಲಿ ಯಾರೂ ಇಲ್ಲವೆಂದು ಊರು ಬಿಟ್ಟು ಬಂದಿದ್ದರು. ಬಂಗಾರಿ ಮಾತು ಕಲಿತದ್ದು ನಿಧಾನಕ್ಕೆ. ಕಲಿತ ಮೇಲೆ ಮಾತ್ರ ಬಾಯಿ ನಿಲ್ಲಿಸಲಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ "ನಿನ್ನ ಮನ್ಯಾಗ ನಾಯಿ ಐತೇನ?" ಎಂದು ಕೇಳುತ್ತಿದ್ದಳು. ಒಂದನೇ ತರಗತಿಗೆ ಸೇರಿದ್ದಳು.

ಆಗ ವೈರು ಹರಿಯಿತು.

ತಾಯಿ ಯಂತ್ರವನ್ನು ಕರ್ಚೀಫಿನಲ್ಲಿ ಸುತ್ತಿ ತಂದಳು. "ಮೇಡಂ, ರಾತ್ರಿ ಡಬ್ಬಿಯೊಳಗ ತೆಗೆದಿಟ್ಟಿದ್ನಿರಿ. ಮುಂಜಾನೆ ಹಾಕಿದ್ರ ಓಗೊಡವಲ್ಲಳ್ರಿ." ತಪ್ಪು ಅವಳದಲ್ಲ. ಅಂಥ ವೈರು ಹರಿಯುವುದೇ ಹಾಗೆ. ಮಡಿಕೆ ಬೀಳುವ ಜಾಗದಲ್ಲಿ ಒಳಗಿನ ತಂತಿ ತುಂಡಾಗುತ್ತದೆ, ಮೇಲೆ ಏನೂ ಕಾಣುವುದಿಲ್ಲ. ಕೆಂಗೇರಿಯಲ್ಲಿ ಅದೇ ಮಾಡೆಲ್ಲಿನ ಯಂತ್ರವಿದ್ದ ಇನ್ನೊಂದು ಹುಡುಗಿ ಇದ್ದಳು. ಅವಳ ವೈರನ್ನೇ ಸ್ವಲ್ಪ ದಿನ ಇಬ್ಬರಿಗೂ ಹಂಚಿದೆವು. ಒಂದು ವಾರ ಅವಳಿಗೆ, ಒಂದು ವಾರ ಇವಳಿಗೆ. ಆಮೇಲೆ ಅದೂ ಹೋಯಿತು. ನಮ್ಮ ಕೇಂದ್ರದಲ್ಲಿ ಅಂಥ ಬಿಡಿಭಾಗ ಕೊಳ್ಳುವ ಶಕ್ತಿ ಇರಲಿಲ್ಲ. ಒಂದು ಮಗುವಿಗೆ ಹೇಗೋ ಹೊಂದಿಸಿದರೂ ಬಾಗಿಲಲ್ಲಿ ಇನ್ನೊಂದು ಮಗು ನಿಂತಿರುತ್ತಿತ್ತು.

ಕೇಳುವುದು ನಿಂತರೆ ಮಾತು ಒಮ್ಮೆಗೇ ಹೋಗುವುದಿಲ್ಲ, ಅಂಚಿನಿಂದ ಸವೆಯುತ್ತದೆ. ಮೊದಲು ಹೋಗುವುದು 'ಸ'. ಶಾಲೆಗೆ ಬಂಗಾರಿ ಅನ್ನುತ್ತಿದ್ದ 'ಸಾಲಿ' ಈಗ 'ಆಲಿ' ಆಯಿತು. ಆಮೇಲೆ ದನಿ ಏರುತ್ತಾ ಹೋಯಿತು, ಯಾಕೆಂದರೆ ತನ್ನ ದನಿ ತನಗೇ ಕೇಳುತ್ತಿರಲಿಲ್ಲ. ತರಗತಿಯಲ್ಲಿ ಮಕ್ಕಳು ನಗಲು ಶುರು ಮಾಡಿದರು. ಬಸ್ಸಿನಲ್ಲಿ ಮಾತಾಡುವುದನ್ನು ಬಿಟ್ಟಳು.

ನಮ್ಮ ಪೋಷಕರ ಸಂಘದಿಂದ ಇಲಾಖೆಗೆ ಮನವಿ ಮೇಲೆ ಮನವಿ ಹೋಗಿತ್ತು. ಕೊನೆಗೆ ಒಬ್ಬ ಹಿರಿಯ ಅಧಿಕಾರಿ ಪರಿಶೀಲನೆಗೆ ನಮ್ಮ ಕೇಂದ್ರಕ್ಕೇ ಬಂದರು. ನಾವು ಸಂಭ್ರಮಪಟ್ಟೆವು. ಬಾಗಿಲಿಗೆ ರಂಗೋಲಿ ಹಾಕಿಸಿದೆ, ಕೆಳಗಿನ ಹೋಟೆಲಿನಿಂದ ಖಾರಾಬಾತ್ ತರಿಸಿದೆ. ಅದನ್ನು ನೆನೆಸಿಕೊಂಡರೆ ಇವತ್ತಿಗೂ ಮೈ ಉರಿಯುತ್ತದೆ.

ಬಂಗಾರಿ ಚಾಪೆಯ ಮೇಲೆ ಕೂತು ಆಡುತ್ತಿದ್ದಳು. ಅಧಿಕಾರಿ ಬಗ್ಗಿ ಅವಳ ಯಂತ್ರ ನೋಡಿದರು. "ಲೈಟ್ ಉರೀತಾ ಇದೆಯಲ್ರೀ."

"ಸಾರ್, ಕಿತ್ತಳೆ ಬಣ್ಣದ್ದು ಮಿನುಗ್ತಾ ಇದ್ರೆ ಒಳಗಿನ ಯಂತ್ರಕ್ಕೆ ಸಂಪರ್ಕ ಇಲ್ಲ ಅಂತ ಅರ್ಥ. ಅದು ತೊಂದ್ರೆ ಲೈಟು."

"ಲೈಟ್ ಅಂದ್ರೆ ಲೈಟ್ ಕಣ್ರೀ." ಅವರು ಅವಳ ಬೆನ್ನ ಹಿಂದೆ ಹೋಗಿ ನಿಂತು ಜೋರಾಗಿ ಚಪ್ಪಾಳೆ ತಟ್ಟಿದರು. ಬಂಗಾರಿ ತಿರುಗಿದಳು.

ಅವಳು ತಿರುಗಿದ್ದು ಎದುರಿನ ಗೋಡೆಯ ಮೇಲೆ ಅವರ ನೆರಳು ಅಲ್ಲಾಡಿದ್ದಕ್ಕೆ. ಕೇಳಿಸದ ಮಕ್ಕಳು ಕಣ್ಣಿನಿಂದಲೇ ಬದುಕುತ್ತಾರೆ. ನೆರಳು, ಗಾಳಿ, ನೆಲದ ಅದುರು ಯಾವುದನ್ನೂ ಬಿಡುವುದಿಲ್ಲ. ನಾನು ಅದನ್ನು ಹೇಳಲು ಬಾಯಿ ತೆರೆದೆ. ಅವರು ಕೈ ಎತ್ತಿ ತಡೆದರು. ತಾಯಿಯ ಕಡೆ ತಿರುಗಿ, "ಎಷ್ಟಮ್ಮಾ ಕೊಟ್ಟಿದ್ದೆ ಈ ಮಷಿನ್‌ಗೆ?" ಎಂದು ಕೇಳಿದರು.

"ಏನೂ ಕೊಟ್ಟಿಲ್ರಿ. ಸರ್ಕಾರದವ್ರು ಕೊಟ್ಟಾರ್ರಿ."

"ಅದಕ್ಕೇ. ಬಿಟ್ಟಿ ಬಂದಿದ್ದಕ್ಕೆ ಬೆಲೆ ಇರಲ್ಲ. ನಿನ್ನ ಕತ್ತಿನ ಸರ ಆಗಿದ್ರೆ ಹಿಂಗೆ ಕಿತ್ತು ಹಾಕ್ತಿದ್ದೆಯಾ?"

ತಾಯಿಯ ಕೈ ಕತ್ತಿಗೆ ಹೋಯಿತು. ಅಲ್ಲಿ ಇದ್ದದ್ದು ಒಂದೆಳೆ ಕರಿಮಣಿ. ಅವಳು ತಲೆ ತಗ್ಗಿಸಿದಳು. ಬಂಗಾರಿಗೆ ಏನೂ ತಿಳಿಯದೆ, ಇದೊಂದು ಆಟ ಅಂದುಕೊಂಡು, ಅವರ ಮುಖ ನೋಡುತ್ತಾ ತಾನೂ ಚಪ್ಪಾಳೆ ತಟ್ಟಿದಳು. ಅಧಿಕಾರಿ ನಕ್ಕರು. ಜೊತೆಗೆ ಬಂದವರೂ ನಕ್ಕರು.

ಉಪಕರಣಗಳು ಸುಸ್ಥಿತಿಯಲ್ಲಿವೆ, ಪೋಷಕರ ನಿರ್ಲಕ್ಷ್ಯ ಕಂಡುಬಂದಿದೆ ಎಂದು ಅವರು ಮೇಲಿನವರಿಗೆ ತಿಳಿಸಿದರು. ಅಲ್ಲಿಂದ ಮುಂದೆ ನಾವು ಯಾವ ಕಚೇರಿಗೆ ಹೋದರೂ ಅದೇ ಉತ್ತರ ನಮಗಿಂತ ಮೊದಲೇ ಹೋಗಿ ಕೂತಿರುತ್ತಿತ್ತು.

ಸಂಘದ ಹಿರಿಯರು ರಾಜಾಜಿನಗರದವರು, ಬಸ್ ಡಿಪೊದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. ಅವರ ಕಿವಿ ಕೇಳದ ಮಗಳ ಕಾಲಕ್ಕೆ ಈ ಯಂತ್ರವೇ ಇರಲಿಲ್ಲ. ನನ್ನ ಮುಖ ನೋಡಿ ಅವರಿಗೆ ಎಲ್ಲ ಗೊತ್ತಾಯಿತು. "ನೋಡಮ್ಮಾ, ನಮಗೆ ಬೇಕಾಗಿರೋದು ಆದೇಶ. ಆ ಮನುಷ್ಯ ಇವತ್ತು ಈ ಕುರ್ಚಿ, ನಾಳೆ ಇನ್ನೊಂದು ಕುರ್ಚಿ. ಅವನನ್ನ ಮನಸ್ಸಲ್ಲಿ ಇಟ್ಕೋಬೇಡ."

"ನನಗೆ ಎರಡೂ ಬೇಕು ಸಾರ್," ಎಂದೆ. "ಆದೇಶಾನೂ ಬೇಕು, ಆ ಮನುಷ್ಯಾನೂ ಬೇಕು."

ಕೆಲಸ ಶುರು ಮಾಡಿದೆ. ಭಾನುವಾರಗಳಂದು ಮನೆಮನೆಗೆ ಹೋಗಿ ಯಂತ್ರ ಹಾಕಿಸಿಕೊಂಡ ಮಕ್ಕಳನ್ನು ಪರೀಕ್ಷೆ ಮಾಡುವುದು. ವಿಧಾನ ಎಲ್ಲ ಕಡೆಯೂ ಒಂದೇ. ಫ್ಯಾನ್, ಟಿ.ವಿ. ಬಂದ್. ಮಗುವನ್ನು ಖಾಲಿ ಗೋಡೆಗೆ ಮುಖ ಮಾಡಿ ಕೂರಿಸುವುದು. ನೆರಳು ಬೀಳದ ಹಾಗೆ ನಾನು ಹಿಂದೆ ಕೂರುವುದು. ಕಸೂತಿ ಹಾಕುವ ಬಳೆಗೆ ತೆಳು ಬಟ್ಟೆ ಬಿಗಿದು ಬಾಯಿಗೆ ಅಡ್ಡ ಹಿಡಿಯುವುದು, ಉಸಿರು ಕೂಡ ಮಗುವಿನ ಕತ್ತಿಗೆ ತಾಕಬಾರದು. ಆಮೇಲೆ ಒಂದೊಂದೇ ಶಬ್ದ: ಆ, ಊ, ಈ, ಮ್, ಶ್, ಸ್. ಮಾತಿನ ದಪ್ಪ ದನಿಯಿಂದ ತೆಳು ದನಿಯವರೆಗೆ ಈ ಆರರಲ್ಲಿ ಎಲ್ಲವೂ ಬರುತ್ತದೆ. ಕೇಳಿಸಿದರೆ ಮಗು ಒಂದು ಹುಣಸೆ ಬೀಜವನ್ನು ಡಬ್ಬಿಗೆ ಹಾಕಬೇಕು. ಇಡೀ ಪರೀಕ್ಷೆಯನ್ನು ಮೊಬೈಲಿನಲ್ಲಿ, ಎಲ್ಲೂ ಕತ್ತರಿಸದೆ, ವಿಡಿಯೊ ಮಾಡುವುದು.

ಬಸವೇಶ್ವರನಗರ, ಮಲ್ಲತ್ತಹಳ್ಳಿ, ಕೆಂಗೇರಿ. ಒಂದಾದ ಮೇಲೊಂದು ಮನೆಯಲ್ಲಿ ಬೀಜ ಹಿಡಿದ ಕೈ ಗಾಳಿಯಲ್ಲೇ ನಿಂತಿರುತ್ತಿತ್ತು. ಬೇರೆ ಜಿಲ್ಲೆಗಳ ಸಂಘಗಳಿಗೂ ವಿಧಾನ ಕಲಿಸಿದೆ. ಅವರ ವಿಡಿಯೊಗಳೂ ಬರತೊಡಗಿದವು. ಒಬ್ಬ ಅಪ್ಪ ನಾನು ಬಂದದ್ದು ಗೊತ್ತಾಗಿ ಹಿತ್ತಲಿನಿಂದ ಹೊರಟುಹೋದ. ಅವನ ಹೆಂಡತಿ, "ಮಗೂಗೆ ಬರ್ತಾ ಇರೋ ಪೆನ್ಷನ್ನೂ ನಿಲ್ಲಿಸಿಬಿಡ್ತಾರೆ ಮೇಡಂ, ನಮ್ಮ ಪಾಡಿಗೆ ಬಿಟ್ಟುಬಿಡಿ," ಎಂದಳು. ಅವಳನ್ನು ಒತ್ತಾಯ ಮಾಡಲಿಲ್ಲ. ಆ ಭಯವನ್ನೂ ಆ ಅಧಿಕಾರಿಯ ಲೆಕ್ಕಕ್ಕೇ ಬರೆದುಕೊಂಡೆ.

ಮಕ್ಕಳ ಕಲ್ಯಾಣ ನೋಡುವ ಶಾಸಕರ ಸಮಿತಿಯೊಂದು ನಮ್ಮ ಅಹವಾಲು ಕೇಳಲು ಒಪ್ಪಿತು. ಇಲಾಖೆಯವರೂ ಬಂದು ಉತ್ತರ ಹೇಳಬೇಕು. ಎರಡು ಸಲ ದಿನ ಮುಂದೆ ಹೋಯಿತು. ಮೂರನೆಯ ಸಲ ಖಚಿತವಾಯಿತು ಅನ್ನುವಾಗ ಸಮಿತಿಯ ಕಚೇರಿಯಿಂದ ಫೋನ್ ಬಂತು. ಮೊಬೈಲ್ ವಿಡಿಯೊ ತೋರಿಸಲು ಅವಕಾಶವಿಲ್ಲ. ಬರಹದಲ್ಲಿ ಕೊಡಬಹುದು, ಬಾಯಲ್ಲಿ ಹೇಳಬಹುದು, ಯಾರನ್ನು ಕರೆತರುತ್ತೀರಿ ಎನ್ನುವುದನ್ನು ಮೊದಲೇ ತಿಳಿಸಬೇಕು.

ಅಷ್ಟು ಭಾನುವಾರಗಳ ಕೆಲಸ ಒಂದು ಫೋನಿಗೆ ಹೋಯಿತು. ಆದರೂ ಒಂದು ದಾರಿ ಇತ್ತು. ವಿಡಿಯೊ ಬೇಡವೆಂದರೆ ಮಗುವನ್ನೇ ಕರೆದುಕೊಂಡು ಹೋಗುತ್ತೇನೆ. ಅವರೆಲ್ಲರ ಕಣ್ಣೆದುರು ಆರು ಶಬ್ದ ಹೇಳುತ್ತೇನೆ, ಬಂಗಾರಿ ಒಂದಕ್ಕೂ ತಿರುಗುವುದಿಲ್ಲ. ಆ ಮನುಷ್ಯ ಅಲ್ಲೇ ಕೂತಿರುತ್ತಾನೆ. ಬಂಗಾರಿಯ ಹೆಸರು, ತಾಯಿಯ ಹೆಸರು ಬರೆದು ಕಳಿಸಿದೆ. ಆ ಪತ್ರದ ಪ್ರತಿ ನಿಯಮದಂತೆ ಇಲಾಖೆಗೂ ಹೋಯಿತು.

ಅಹವಾಲಿನ ವಾರದಲ್ಲೇ ತಾಯಿ ಫೋನ್ ಮಾಡಿ, "ಮೇಡಂ, ನೀವು ಮನಿಗೆ ಬರ್ರಿ," ಎಂದಳು. ಉಲ್ಲಾಳದ ಬಸ್ ಹತ್ತಿದೆ. ಒಂದೇ ಕೋಣೆಯ ಮನೆ. ತಾಯಿಯ ಮಡಿಲಲ್ಲಿ ಒಂದು ಸಣ್ಣ ರಟ್ಟಿನ ಡಬ್ಬಿ. ತೆರೆದಿರಲಿಲ್ಲ.

"ಆಫೀಸಿನಿಂದ ಒಬ್ರು ಬಂದಿದ್ರಿ. ವೈರ್ ಕೊಟ್ಟು ಹೋದ್ರು. ಸ್ಪೆಷಲ್ ಕೇಸ್ ಅಂತ. ಹಾಕ್ಕೋರಿ, ಆದ್ರ ವಿಧಾನಸೌಧದ ಕಡೆ ಬರಬ್ಯಾಡ್ರಿ, ಬಂದ್ರ ಪಾಪದ ಹುಡುಗಿಗೇ ಮುಂದ ತ್ರಾಸ ಅಂದ್ರು."

"ನೀನೇನಂದೆ?"

"ಹೂಂ ಅಂದೆ ರೀ. ಏನನ್ಲಿ?"

ಬಂಗಾರಿ ನಮ್ಮಿಬ್ಬರ ತುಟಿಗಳನ್ನು ಒಂದಾದ ಮೇಲೊಂದು ನೋಡುತ್ತಿದ್ದಳು. ವೈರು ಹಾಕಿದರೆ ಅವಳಿಗೆ ಕೇಳಿಸುತ್ತದೆ. ಕೇಳಿಸಿದರೆ ಸಮಿತಿಯ ಎದುರು ತೋರಿಸಲು ನನ್ನ ಬಳಿ ಏನೂ ಇರುವುದಿಲ್ಲ. ಆ ಮನುಷ್ಯ ಎಷ್ಟು ಚೆನ್ನಾಗಿ ಲೆಕ್ಕ ಹಾಕಿದ್ದಾನೆ! ಇಷ್ಟು ತಿಂಗಳು ಸಿಗದ ವೈರು ಅವನಿಗೆ ಬೇಕಾದಾಗ ಎರಡೇ ದಿನದಲ್ಲಿ ಸಿಕ್ಕಿತ್ತು. ಸಮಿತಿ ಮುಗಿಯುವ ತನಕ ತಡಿ, ಆಮೇಲೆ ಹಾಕೋಣ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅದು ಬರೀ ಕೆಲವು ದಿನದ ಮಾತು. ಆದರೆ ಆ ಮಾತು ಆಡಿದರೆ ಅವನಿಗೂ ನನಗೂ ಏನು ವ್ಯತ್ಯಾಸ? ಅವನು ಅವಳ ಕಿವಿಯನ್ನು ತನ್ನ ಕುರ್ಚಿಗೆ ಬಳಸಿದ, ನಾನು ನನ್ನ ಸಿಟ್ಟಿಗೆ ಬಳಸುತ್ತೇನೆ.

ಡಬ್ಬಿ ಇಸಿದುಕೊಂಡೆ. ಹಳೆಯ ವೈರು ಬಿಚ್ಚಿ ಹೊಸದನ್ನು ಒತ್ತಿ ಕೂರಿಸಿದೆ, ಬಿಲ್ಲೆಯನ್ನು ಅವಳ ತಲೆಗೆ ಹಚ್ಚಿದೆ. ಕಿತ್ತಳೆ ದೀಪ ನಿಂತು ಹಸಿರು ಬಂತು. ಬೀದಿಯಲ್ಲಿ ಗುಜರಿಯವನ ಸ್ಪೀಕರ್ ಕೂಗುತ್ತಿತ್ತು. ಬಂಗಾರಿ ಕೈಯನ್ನು ಬಿಲ್ಲೆಯ ಮೇಲಿಟ್ಟುಕೊಂಡು ಸ್ವಲ್ಪ ಹೊತ್ತು ಅಲ್ಲಾಡದೆ ಕೂತಳು. "ಬಂತು," ಎಂದಳು. ತನ್ನ ದನಿಯೇ ತನಗೆ ಕೇಳಿ ಬೆಚ್ಚಿ, ಅಮ್ಮನ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ತಾಯಿಯ ಹತ್ತಿರ ಸಮಿತಿಯ ಮಾತು ನಾನು ಎತ್ತಲಿಲ್ಲ. ಅವಳು ಹೂಂ ಅಂದಿದ್ದಳು. ವಾಪಸು ಬರುವಾಗ ಬಸ್ಸಿನಲ್ಲಿ, ಸೋತ ಜಗಳವನ್ನು ಮನಸ್ಸಿನಲ್ಲೇ ಮತ್ತೆ ಮತ್ತೆ ಗೆಲ್ಲುತ್ತಾ ಕೂತಿದ್ದೆ.

ಅಹವಾಲಿನ ಬೆಳಿಗ್ಗೆ ನಾನು, ಸಂಘದ ಹಿರಿಯರು ಹೊಸಹಳ್ಳಿ ಮೆಟ್ರೊ ನಿಲ್ದಾಣದ ಬಳಿ ಸೇರುವುದೆಂದಾಗಿತ್ತು. ವೈರು ಬರುವ ಮೊದಲೇ ತಾಯಿಗೂ ಆ ಜಾಗ, ಹೊತ್ತು ಹೇಳಿದ್ದೆ. ಹೋಗಿ ನೋಡಿದರೆ ಮೆಟ್ಟಿಲ ಹತ್ತಿರ ತಾಯಿ ನಿಂತಿದ್ದಾಳೆ, ಇಸ್ತ್ರಿ ಮಾಡಿದ ಸೀರೆ, ಪಕ್ಕದಲ್ಲಿ ಎರಡು ಜಡೆ ಹಾಕಿಸಿಕೊಂಡ ಬಂಗಾರಿ.

"ಬರಲ್ಲ ಅಂತ ಮಾತು ಕೊಟ್ಟಿದ್ದೆಯಲ್ಲಮ್ಮಾ," ಎಂದರು ಹಿರಿಯರು.

"ಕೊಟ್ಟಿದ್ನಿರಿ. ಮಗಳ ವೈರ್ ಬೇಕಿತ್ತು, ಕೊಟ್ಟೆ." ಅವಳು ಹಿರಿಯರನ್ನಲ್ಲ, ನನ್ನನ್ನು ನೋಡಿ ಹೇಳಿದಳು. "ಆ ಸಾಹೇಬ್ರು ಅವತ್ತ ನನ್ನ ಸರದ ಮಾತು ಆಡಿದ್ರಲ್ರಿ. ಇದ್ದ ಬಂಗಾರ ಎಲ್ಲಾ ಮಾರೇ ನಾವು ಊರು ಬಿಟ್ಟು ಬಂದೀವ್ರಿ, ಈಕಿಗೆ ಮಾತು ಕಲಸಾಕ. ಎಲ್ಲಾರ ಮುಂದ ಕುತ್ತಿಗಿ ಮುಟ್ಟಿ ನೋಡ್ಕೊಳೂ ಹಂಗ ಮಾಡಿದ್ರು. ಅದನ್ನ ನಾ ಮರ್ತಿಲ್ರಿ."

ಅವತ್ತು ತಲೆ ತಗ್ಗಿಸಿದವಳು ಇವಳೇ. ನನ್ನೊಬ್ಬಳದೇ ಎಂದುಕೊಂಡಿದ್ದ ಬೆಂಕಿ ಅವಳಲ್ಲಿ ನನಗಿಂತ ನೆಟ್ಟಗೆ ಉರಿಯುತ್ತಿತ್ತು.

ಸಮಿತಿಯ ಕೊಠಡಿಯಲ್ಲಿ ನೆಲಕ್ಕೆಲ್ಲ ದಪ್ಪ ಜಮಖಾನ. ನನಗೆ ಬೇಕಾದ್ದೂ ಅದೇ, ಯಾರು ನಡೆದರೂ ನೆಲ ಅದುರುವುದಿಲ್ಲ. ಅಧಿಕಾರಿ ನಮ್ಮನ್ನು ನೋಡಿದರು, ಬಂಗಾರಿಯ ತಲೆಯ ಮೇಲಿನ ಹೊಸ ವೈರು ನೋಡಿದರು. ಒಂದು ಕ್ಷಣ ಮುಖ ಬಿಗಿಯಾಯಿತು, ಆಮೇಲೆ ಸಡಿಲವಾಯಿತು. ವೈರು ಇದೆ ಅಂದರೆ ಕೇಳಿಸುತ್ತದೆ, ಕೇಳಿಸಿದರೆ ಅವರ ಮಾತೇ ಗೆಲ್ಲುತ್ತದೆ ಎಂದುಕೊಂಡಿರಬೇಕು.

ಅವರ ಸರದಿ ಬಂದಾಗ ಸಮಿತಿಯ ಅಧ್ಯಕ್ಷೆಯ ಕಡೆ ತಿರುಗಿ ಸರಾಗವಾಗಿ ಹೇಳಿದರು. "ಉಪಕರಣಗಳು ಸುಸ್ಥಿತಿಯಲ್ಲಿವೆ ಮೇಡಂ. ಇಲ್ಲಿ ಬಂದಿರೋ ಈ ಮಗುವನ್ನೇ ನಾನು ಖುದ್ದಾಗಿ ಪರೀಕ್ಷೆ ಮಾಡಿದ್ದೀನಿ."

"ಹೇಗೆ ಮಾಡಿದ್ರಿ?" ಅಧ್ಯಕ್ಷೆ ಕೇಳಿದರು.

"ಹಿಂದೆ ನಿಂತು ಚಪ್ಪಾಳೆ ತಟ್ಟಿ ನೋಡಿದೆ. ಕೇಳಿಸ್ತು."

ನಾನು ಎದ್ದು ಅನುಮತಿ ಕೇಳಿದೆ. ಬಂಗಾರಿಯನ್ನು, ನೆರಳು ಬೀಳದ ಕಿಟಕಿ ಪರದೆಯ ಕಡೆ ಮುಖ ಮಾಡಿ ಕೂರಿಸಿದೆ. ತಲೆಯ ಬಿಲ್ಲೆಯನ್ನು ಮೆಲ್ಲಗೆ ಕಿತ್ತು ಭುಜದ ಮೇಲೆ ಇಳಿಬಿಟ್ಟೆ. "ಸಾರ್, ಅವತ್ತು ತಟ್ಟಿದ ಹಾಗೇ ತಟ್ಟಿ."

"ಅದ್ಹೇಗ್ರೀ? ಅದನ್ನ ತೆಗೆದ್ರೆ ಹೇಗೆ ಕೇಳಿಸುತ್ತೆ?"

"ಅದೇ ಸಾರ್. ವೈರು ಹರಿದ್ರೂ ಅಷ್ಟೇ."

"ತಟ್ಟಿ," ಎಂದರು ಅಧ್ಯಕ್ಷೆ. ಅಧಿಕಾರಿ ತಟ್ಟಿದರು. "ಜೋರಾಗಿ ತಟ್ಟಿ." ಮತ್ತೆ ತಟ್ಟಿದರು. ಪಕ್ಕದಲ್ಲಿದ್ದ ಶಾಸಕರೊಬ್ಬರು ಬೆಚ್ಚಿಬಿದ್ದರು. ಬಂಗಾರಿ ಪರದೆಯ ಅಂಚಿನ ಜರಿ ಗೆರೆಗಳನ್ನು ಎಣಿಸುತ್ತಾ ಕೂತಿದ್ದಳು. ಅಷ್ಟು ಜನರ ಮಧ್ಯೆ ಆ ಮನುಷ್ಯ ಒಂದು ಮಗುವಿನ ಬೆನ್ನಿಗೆ ಚಪ್ಪಾಳೆ ತಟ್ಟುತ್ತಾ ನಿಂತಿರುವುದನ್ನು ನಾನು ಕಣ್ಣು ತುಂಬ ನೋಡಿದೆ.

ಬಿಲ್ಲೆಯನ್ನು ಮತ್ತೆ ಹಚ್ಚಿದೆ. ಬಾಯಿಗೆ ಆ ಬಟ್ಟೆಯ ಬಳೆ ಅಡ್ಡ ಹಿಡಿದು ಹಿಂದಿನಿಂದ ಪಿಸುದನಿಯಲ್ಲಿ 'ಸ್' ಎಂದೆ. "ಸ್," ಎಂದಳು ಬಂಗಾರಿ. ಅಧ್ಯಕ್ಷೆ ಕೂತಲ್ಲಿಂದಲೇ, "ಪುಟ್ಟಾ, ನಿನ್ನ ಹೆಸರೇನು?" ಎಂದರು. ಅವಳು ತಿರುಗಿ, "ಬಂಗಾರಿ. ನಿನ್ನ ಹೆಸರೇನ?" ಎಂದಳು. ಎಲ್ಲರೂ ನಕ್ಕರು.

ಆ ನಗುವಿನಲ್ಲಿ ಅಧಿಕಾರಿಗೆ ಧೈರ್ಯ ಬಂತು. "ನೋಡಿ ಮೇಡಂ, ವೈರು ಸರಿಯಾಗೇ ಇದೆಯಲ್ಲ. ನಾನು ಹೇಳಿದ್ದೂ ಅದೇ."

ಅಧ್ಯಕ್ಷೆ ತಾಯಿಯ ಕಡೆ ತಿರುಗಿದರು. "ಏನಮ್ಮಾ, ಈ ವೈರು ಯಾವಾಗಿಂದ ಇದೆ?"

ತಾಯಿ ಎದ್ದು ನಿಂತು ಕೈ ಮುಗಿದಳು. "ಮೊನ್ನಿ ಬಂತ್ರಿ. ಈ ಸಾಹೇಬ್ರ ಆಫೀಸಿನವರೇ ಮನಿಗೆ ತಂದು ಕೊಟ್ರಿ. ಇಲ್ಲಿ ಬರಬ್ಯಾಡ, ಬಂದ್ರ ಹುಡುಗಿಗೆ ತ್ರಾಸ ಆಕ್ಕೈತಿ ಅಂತ ಹೇಳಿ ಕೊಟ್ಟು ಹೋದ್ರಿ." ಕೂರಲು ಹೋದವಳು ಮತ್ತೆ ನಿಂತಳು. "ವೈರ್ ಛಲೋ ಐತ್ರಿ. ಉಳಿದ ಮಕ್ಕಳಿಗೂ ಕೊಡಸ್ರಿ."

ಇದನ್ನು ನಾನು ಹೇಳಿಕೊಟ್ಟಿರಲಿಲ್ಲ. ಆಮೇಲೆ ಅಧ್ಯಕ್ಷೆ ಕೇಳಿದ ಪ್ರಶ್ನೆಗಳು ಒಂದೊಂದೂ ಮೊಳೆಯ ಹಾಗೆ ಇಳಿದವು. ಎಲ್ಲ ಸುಸ್ಥಿತಿಯಲ್ಲಿದ್ದರೆ ಹೊಸ ವೈರು ಯಾಕೆ ಕಳಿಸಿದಿರಿ? ಯಾವ ನಿಯಮದಲ್ಲಿ? ಒಂದು ಮಗುವಿಗೆ ಕೊಡಲು ಸಾಧ್ಯವಿದ್ದದ್ದು ಬೇರೆ ಮಕ್ಕಳಿಗೆ ಯಾಕೆ ಸಾಧ್ಯವಿಲ್ಲ? ಸಾಕ್ಷಿಗೆ ಬರಬೇಡ ಎಂದವರು ಯಾರು? ಅಧಿಕಾರಿ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಹಿರಿಯರು ಮೇಜಿನ ಕೆಳಗೆ ನನ್ನ ಕೈ ಅದುಮಿ, "ಸಾಕಮ್ಮಾ, ಹಾಗೆ ನೋಡಬೇಡ," ಎಂದರು. ನಾನು ನೋಡುವುದನ್ನು ನಿಲ್ಲಿಸಲಿಲ್ಲ.

ಆದೇಶ ಬರಲು ಮತ್ತೂ ಬಹಳ ಓಡಾಟವಾಯಿತು, ಆದರೆ ಬಂತು. ಯೋಜನೆಯಲ್ಲಿ ಯಂತ್ರ ಪಡೆದ ಮಕ್ಕಳಿಗೆ ಬಿಡಿಭಾಗಗಳನ್ನು ಜಿಲ್ಲೆಯಲ್ಲೇ ಕೊಡಬೇಕು, ಪರೀಕ್ಷೆಯನ್ನು ತರಬೇತಿ ಪಡೆದವರೇ ಮಾಡಬೇಕು. ಮೊದಲ ಸಲ ಬಂದ ವೈರುಗಳು ಬೇರೆ ಮಾಡೆಲ್ಲಿನವು. ಎಲ್ಲವನ್ನೂ ಹಿಂದಕ್ಕೆ ಕಳಿಸಿ ಮತ್ತೆ ಜಗಳವಾಡಿದೆವು. ಕೆಂಗೇರಿಯ ಹುಡುಗಿಗೆ ಸಿಕ್ಕುವಾಗ ಅವಳ ಮಾತು ಬಹಳ ಹಿಂದೆ ಬಿದ್ದಿತ್ತು. ಅವಳೊಂದಿಗೆ ಮತ್ತೆ 'ಆ'ದಿಂದ ಶುರು ಮಾಡಿದ್ದೇವೆ.

ಆ ಅಧಿಕಾರಿಯನ್ನು ಜಾಗದಿಂದ ತೆಗೆದು ವಿಚಾರಣೆಗೆ ಹಾಕಿದರು. ಸ್ವಲ್ಪ ಕಾಲದ ನಂತರ ಅವರದೇ ಫೋನ್ ಬಂತು. ದನಿ ಬದಲಾಗಿತ್ತು. "ಮೇಡಂ, ವಿಚಾರಣಾಧಿಕಾರಿಗಳು ನಿಮ್ಮ ಸಂಘದ ಅಭಿಪ್ರಾಯ ಕೇಳ್ತಾರೆ. ನಾನು ನಿಮ್ಮ ಕೇಂದ್ರಕ್ಕೆ ಬಂದಿದ್ದೆ, ಸಹಕಾರ ಕೊಟ್ಟಿದ್ದೆ, ಆ ಮಗುವಿಗೆ ವೈರು ಕೊಡಿಸಿದ್ದೆ ಅಂತ ಎರಡು ಸಾಲು ಬರೆದುಕೊಟ್ರೆ ಉಪಕಾರ ಆಗುತ್ತೆ. ನನಗೂ ಸಂಸಾರ ಇದೆ."

ಯೋಚಿಸಿ ಹೇಳುತ್ತೇನೆ ಎಂದು ಫೋನ್ ಇಟ್ಟೆ. ಹಿರಿಯರು, "ಹೋಗಲಿ ಬಿಡಮ್ಮಾ, ಆದೇಶ ಬಂತಲ್ಲ, ಬರೆದುಕೊಟ್ಟುಬಿಡು," ಎಂದರು. ಸಂಜೆ ಬಂಗಾರಿಯನ್ನು ಕರೆದೊಯ್ಯಲು ತಾಯಿ ಬಂದಾಗ ಅವಳಿಗೂ ಹೇಳಿದೆ. ಅವಳು ಮಗಳ ಚಪ್ಪಲಿಯ ಪಟ್ಟಿ ಹಾಕಿ ಮುಗಿಸಿದಳು.

"ಬರಕೊಡ್ರಿ ಮೇಡಂ," ಎಂದಳು. "ಬಂದಿದ್ರು, ಖರೇ. ವೈರ್ ಕಳಿಸಿದ್ರು, ಅದೂ ಖರೇ. ಹೆಂಗ ಬಂದ್ರು, ಏನಂದ್ರು, ಏನ್ ಹೇಳಿ ಕಳಿಸಿದ್ರು, ಅದೂ ಖರೇನ ಅಲ್ರಿ? ಎಲ್ಲಾ ಬರೀರಿ."

ಮರುದಿನ ಬೆಳಿಗ್ಗೆ ಕೂತು ಬರೆದೆ. ಅವರು ಕೇಳಿದ್ದು ಎರಡು ಸಾಲು, ನಾನು ಎರಡು ಪುಟ ಬರೆದೆ. ಅವರು ಬಂದದ್ದು, ಮಾಡಿದ್ದು, ಆಡಿದ್ದು, ಕಳಿಸಿದ್ದು, ಎಲ್ಲವೂ ಕ್ರಮವಾಗಿ, ಅವರವೇ ಮಾತುಗಳಲ್ಲಿ. ಎಲ್ಲೂ ಒಂದು ಕೆಟ್ಟ ಪದ ಬಳಸಲಿಲ್ಲ. ಕೊನೆಯಲ್ಲಿ 'ಮೇಲ್ಕಂಡ ಅಧಿಕಾರಿಗಳ ಕೋರಿಕೆಯ ಮೇರೆಗೆ ಈ ಪತ್ರ ನೀಡಲಾಗಿದೆ' ಎಂದು ಸೇರಿಸಿದೆ. ನನ್ನ ಸಹಿ, ತಾಯಿಯ ಸಹಿ, ಕೇಂದ್ರದ ಸೀಲು. ಅವರ ಕೈಗೆ ಕೊಡದೆ ನೇರವಾಗಿ ವಿಚಾರಣಾಧಿಕಾರಿಯ ವಿಳಾಸಕ್ಕೆ ಸ್ಪೀಡ್ ಪೋಸ್ಟ್ ಮಾಡಿದೆ.

ಅಂಚೆ ಕಚೇರಿಯಿಂದ ಬರುವಾಗ ದರ್ಶಿನಿಯೊಂದರ ಮುಂದೆ ನಿಂತು ಕಾಫಿ ಕುಡಿದೆ. ಬಹಳ ಚೆನ್ನಾಗಿತ್ತು. ಇನ್ನೊಂದು ತೊಗೊಂಡೆ.